ಮೈದಾನಕ್ಕಿಳಿಯುವ ಮುನ್ನ ಇಪ್ಪತ್ತು ನಿಮಿಷ

ರಾತ್ರಿ ಹತ್ತೂವರೆ. ಇಶಾ ನಮಾಝ್ ಮುಗಿಸಿ, ಊಟ ಮಾಡಿದ ಹುಡುಗರು ಟರ್ಫ್‌ನತ್ತ ಹೊರಡುತ್ತಾರೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟಿರುವುದರಿಂದ ಒಂದು ನಿಮಿಷವನ್ನೂ ಹಾಳು ಮಾಡಲು ಯಾರಿಗೂ ಮನಸ್ಸಿಲ್ಲ. ಶೂ ಕಟ್ಟಿದ್ದೇ ತಡ, ಆಟ ಶುರು. ಅರ್ಧ ಗಂಟೆಯಲ್ಲಿ ಒಬ್ಬ ಹುಡುಗ ಚೆಂಡಿನ ಹಿಂದೆ ಓಡುತ್ತಾ ಥಟ್ಟನೆ ತಿರುಗುತ್ತಾನೆ. ಯಾರೂ ಅವನಿಗೆ ಡಿಕ್ಕಿ ಹೊಡೆದಿಲ್ಲ. ಆದರೂ ಮೊಣಕಾಲಿನೊಳಗೆ ‘ಟಪ್’ ಎಂದಂತಾಗಿ ಕುಸಿದು ಬೀಳುತ್ತಾನೆ. ಮನೆಗೆ ಬರುವಷ್ಟರಲ್ಲಿ ಮೊಣಕಾಲು ಊದಿಕೊಂಡಿರುತ್ತದೆ. ಉಮ್ಮ ಎಣ್ಣೆ ಬಿಸಿ ಮಾಡುತ್ತಾರೆ. ಬೆಳಿಗ್ಗೆ ಮೂಳೆ ಕಟ್ಟುವವರ ಬಳಿಗೆ ಕರೆದೊಯ್ಯುವ ತೀರ್ಮಾನವಾಗುತ್ತದೆ.

ಇಂತಹ ಘಟನೆ ಈಗ ಪ್ರತಿ ಊರಿನಲ್ಲೂ ನಡೆಯುತ್ತದೆ. ಮನೆಯವರು ಇದನ್ನು ‘ವಿಧಿ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಒಂಟೆಯನ್ನು ಕಟ್ಟಿದ ನಂತರವೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿಸಿದವರೂ ನಮ್ಮ ಪ್ರವಾದಿವರ್ಯರೇ(ಸ). ಆಟದ ಗಾಯಗಳ ವಿಷಯದಲ್ಲಿ ಒಂಟೆಯನ್ನು ಕಟ್ಟುವುದು ಹೇಗೆಂದು ವ್ಯಾಯಾಮ ವಿಜ್ಞಾನವು ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಅದಕ್ಕೆ ಹಣ ಬೇಕಿಲ್ಲ, ಉಪಕರಣ ಬೇಕಿಲ್ಲ. ಬೇಕಾದದ್ದು ಸ್ವಲ್ಪ ಸಮಯ ಮತ್ತು ಸ್ವಲ್ಪ ಶಿಸ್ತು.

ದೇಹಕ್ಕೂ ಒಂದು ಹಕ್ಕಿದೆ

ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಪಟ್ಟು ಹಿಡಿದಾಗ, ನಿನ್ನ ದೇಹಕ್ಕೂ ನಿನ್ನ ಕಣ್ಣುಗಳಿಗೂ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ತಿದ್ದಿದ ಘಟನೆ ನಮಗೆಲ್ಲ ಗೊತ್ತು. ಆರಾಧನೆಯಲ್ಲೇ ದೇಹದ ಹಕ್ಕನ್ನು ಮರೆಯಬಾರದೆಂದಾದರೆ ಆಟದಲ್ಲಿ ಮರೆಯಬಹುದೇ? ಹ. ಆಯಿಶಾ(ರ) ಅವರೊಂದಿಗೆ ಪ್ರವಾದಿವರ್ಯರು(ಸ) ಓಟದ ಸ್ಪರ್ಧೆ ನಡೆಸಿದ್ದೂ ಹದೀಸ್‌ಗಳಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಕೆಲವು ಕಾಲದ ನಂತರ, ಅವರ ಮೈ ತುಂಬಿಕೊಂಡಾಗ, ಪ್ರವಾದಿವರ್ಯರು(ಸ) ಗೆದ್ದರು. ಓಟ, ಆಟ, ದೇಹಬಲ ಇವು ಗಂಡಸರಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ಈ ಒಂದು ಘಟನೆಯೇ ಹೇಳುತ್ತದೆ.

ಇಲ್ಲಿ ಒಂದು ಮಾತು. ನಮಾಝೇ ಸಾಕಷ್ಟು ವ್ಯಾಯಾಮ, ಬೇರೆ ಬೇಡ ಎಂದು ಕೆಲವರು ಹೇಳುವುದುಂಟು. ನಮಾಝ್ ಆರಾಧನೆ. ಅದರ ರುಕೂಅ್, ಸುಜೂದ್‌ಗಳಿಂದ ಕೀಲುಗಳು ಮಡಚಿ ಬಿಡಿಸಿ ಸಡಿಲವಾಗುತ್ತವೆ ಎಂಬುದು ನಿಜ. ಆದರೆ ಹೃದಯಕ್ಕೂ ಸ್ನಾಯುಗಳಿಗೂ ಬೇಕಾದ ಶ್ರಮ ಅದರಿಂದ ಮಾತ್ರ ಸಿಗುವುದಿಲ್ಲ. ಸಹಾಬಿಗಳು ನಮಾಝ್ ಮಾಡಿದ್ದರು, ಜೊತೆಗೆ ನಡೆದರು, ಕುದುರೆ ಏರಿದರು, ಬಿಲ್ಲುಗಾರಿಕೆ ಕಲಿತರು, ತೋಟದಲ್ಲಿ ದುಡಿದರು.

ನಾರ್ವೆಯ ಹುಡುಗಿಯರು ಕಲಿಸಿದ ಪಾಠ

ಆಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಾರೆ. ಮೈದಾನಕ್ಕೆ ಎರಡು ಸುತ್ತು ಓಡಿ, ಕಾಲನ್ನು ಹಿಂದಕ್ಕೆ ಎಳೆದು ಹಿಡಿದು, ಸೊಂಟ ತಿರುಗಿಸಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಯಾವ ಬಗೆಯ ವಾರ್ಮ್‌ಅಪ್ ನಿಜವಾಗಿಯೂ ಗಾಯವನ್ನು ತಡೆಯುತ್ತದೆ ಎಂದು ಪರೀಕ್ಷಿಸಿ ನೋಡಿದವರು ಕಡಿಮೆ.

ಅಂತಹ ಒಂದು ದೊಡ್ಡ ಪರೀಕ್ಷೆ ನಾರ್ವೆಯಲ್ಲಿ ನಡೆಯಿತು. 13ರಿಂದ 17 ವರ್ಷದೊಳಗಿನ ಹುಡುಗಿಯರು ಆಡುವ 125 ಫುಟ್‌ಬಾಲ್ ಕ್ಲಬ್‌ಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪು ‘ಫಿಫಾ 11+’ ಎಂಬ ಇಪ್ಪತ್ತು ನಿಮಿಷಗಳ ವ್ಯಾಯಾಮವನ್ನು ಅಭ್ಯಾಸಕ್ಕೆ ಮೊದಲು ಮಾಡಿತು. ಇನ್ನೊಂದು ಗುಂಪು ತನ್ನ ರೂಢಿಯಂತೆ ನಡೆಯಿತು. 1892 ಹುಡುಗಿಯರನ್ನು ಒಂದು ಋತುವಿಡೀ ಗಮನಿಸಲಾಯಿತು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ವ್ಯಾಯಾಮ ಮಾಡಿದ ಗುಂಪಿನಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ತೀವ್ರ ಸ್ವರೂಪದ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ನಂತರ ನೈಜೀರಿಯಾದ ಲಾಗೋಸ್‌ನಲ್ಲಿ ಹದಿಹರೆಯದ ಹುಡುಗರ ತಂಡಗಳಲ್ಲೂ ಇದೇ ವ್ಯಾಯಾಮವನ್ನು ಪರೀಕ್ಷಿಸಿದಾಗ ಗಾಯಗಳು ಸುಮಾರು ಶೇ. 40ರಷ್ಟು ಕಡಿಮೆಯಾದವು. ಅಂದರೆ ಇದು ಶ್ರೀಮಂತ ದೇಶಗಳ ಹಸಿರು ಮೈದಾನಕ್ಕೆ ಮಾತ್ರ ಸೀಮಿತವಾದ ಮಾತಲ್ಲ. ಆದರೆ ಷರತ್ತೊಂದಿದೆ. ಯಾವ ತಂಡಗಳು ಬಿಡದೆ ಮಾಡಿದವೋ ಅವುಗಳಿಗೆ ಲಾಭ ಹೆಚ್ಚು. ಮನಸ್ಸು ಬಂದಾಗ ಮಾಡಿದರೆ ಫಲ ಕಡಿಮೆ.

ಆ ಇಪ್ಪತ್ತು ನಿಮಿಷದಲ್ಲಿ ಏನಿದೆ? ಮೂರು ಭಾಗಗಳಿವೆ.

ಮೊದಲ ಎಂಟು ನಿಮಿಷ ನಿಧಾನ ಓಟ. ಓಡುತ್ತಲೇ ಮೊಣಕಾಲನ್ನು ಎತ್ತಿ ಹೊರಕ್ಕೆ ತಿರುಗಿಸುವುದು, ಒಳಕ್ಕೆ ತಿರುಗಿಸುವುದು, ಜೊತೆಗಾರನ ಸುತ್ತ ಪಕ್ಕ ಹೆಜ್ಜೆ ಹಾಕುವುದು, ಹೆಗಲಿಗೆ ಹೆಗಲು ತಾಗಿಸಿ ಹಾರುವುದು, ಮುಂದೆ ಓಡಿ ಹಿಂದಕ್ಕೆ ಬರುವುದು.

ಮುಂದಿನ ಹತ್ತು ನಿಮಿಷ ಬಲ ಮತ್ತು ಸಮತೋಲನ. ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಒಂದು ಪಕ್ಕಕ್ಕೆ ಹಾಗೆಯೇ ಹಿಡಿಯುವುದು, ತೊಡೆಯ ಹಿಂಭಾಗದ ವ್ಯಾಯಾಮ, ಒಂಟಿಕಾಲಿನಲ್ಲಿ ನಿಲ್ಲುವುದು, ಬಸ್ಕಿ, ಹಾರಿ ಇಳಿಯುವುದು. ಪ್ರತಿಯೊಂದಕ್ಕೂ ಸುಲಭ, ಮಧ್ಯಮ, ಕಠಿಣ ಎಂದು ಮೂರು ಹಂತಗಳಿವೆ.

ಕೊನೆಯ ಎರಡು ನಿಮಿಷ ವೇಗದ ಓಟ, ನೆಗೆತದ ಓಟ, ಥಟ್ಟನೆ ದಿಕ್ಕು ಬದಲಿಸುವ ಓಟ.

ಇದರ ಗುಟ್ಟು ಇರುವುದು ನಡುವಿನ ಹತ್ತು ನಿಮಿಷದಲ್ಲಿ. ಹಾರಿ ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದೆ ಕಾಲ್ಬೆರಳಿನ ನೇರಕ್ಕೆ ಇರಬೇಕು. ಸೊಂಟ ಮತ್ತು ಮೊಣಕಾಲು ಮಡಚಿ, ಸದ್ದಾಗದಂತೆ ಮೆತ್ತಗೆ ಇಳಿಯಬೇಕು. ಮೇಲೆ ಹೇಳಿದ ಹುಡುಗನ ಮೊಣಕಾಲಿನಲ್ಲಿ ಹರಿದದ್ದು ಎಸಿಎಲ್ ಎಂಬ ಲಿಗಮೆಂಟ್. ಅದು ತೊಡೆಯ ಎಲುಬಿನ ಕೆಳಗೆ ಕಾಲಿನ ಎಲುಬು ಮುಂದಕ್ಕೆ ಜಾರದಂತೆ ಹಿಡಿದಿಡುವ ಗಟ್ಟಿ ದಾರ. ಬಹುಪಾಲು ಸಂದರ್ಭಗಳಲ್ಲಿ ಅದು ಹರಿಯುವುದು ಇನ್ನೊಬ್ಬರ ಹೊಡೆತದಿಂದಲ್ಲ. ಪಾದ ನೆಲಕ್ಕೆ ಕಚ್ಚಿಕೊಂಡು ಮೊಣಕಾಲು ಒಳಕ್ಕೆ ತಿರುಚಿದಾಗ. ದೇಹಕ್ಕೆ ಸರಿಯಾಗಿ ಇಳಿಯುವುದನ್ನೂ ತಿರುಗುವುದನ್ನೂ ಕಲಿಸಿದರೆ ಆ ತಿರುಚು ಕಡಿಮೆಯಾಗುತ್ತದೆ. ಕೃತಕ ಹುಲ್ಲಿನ ಮೇಲೆ ಆಡುವವರು ಉದ್ದ ಮೊಳೆಗಳ ಫುಟ್‌ಬಾಲ್ ಶೂ ಬಿಟ್ಟು, ಟರ್ಫ್‌ಗೆಂದೇ ಇರುವ ಗಿಡ್ಡ ಗುಬುಟಿನ ಶೂ ಧರಿಸಬೇಕು. ಪಾದ ನೆಲಕ್ಕೆ ಅತಿಯಾಗಿ ಕಚ್ಚಿಕೊಂಡಷ್ಟೂ ಮೊಣಕಾಲಿಗೆ ತೊಂದರೆ ಹೆಚ್ಚು.

ಎಳೆಯುವುದಕ್ಕಿಂತ ಬಲಪಡಿಸುವುದು ಮೇಲು

ಆಟಕ್ಕೆ ಮೊದಲು ನಿಂತಲ್ಲೇ ಸ್ನಾಯು ಎಳೆದು ಹಿಡಿಯುವುದರಿಂದ ಗಾಯವಾಗುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಆಸ್ಟ್ರೇಲಿಯಾದ ಸೈನ್ಯಕ್ಕೆ ಹೊಸದಾಗಿ ಸೇರಿದ 1538 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ತರಬೇತಿಗೆ ಮೊದಲು ಸ್ನಾಯು ಎಳೆದವರಿಗೂ ಎಳೆಯದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. 2014ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು 25 ಅಧ್ಯಯನಗಳನ್ನು, ಒಟ್ಟು 26,610 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಸ್ನಾಯು ಎಳೆಯುವುದರಿಂದ ಲಾಭ ಕಾಣಲಿಲ್ಲ. ಬಲ ಹೆಚ್ಚಿಸುವ ವ್ಯಾಯಾಮ ಮಾತ್ರ ಆಟದ ಗಾಯಗಳನ್ನು ಮೂರನೇ ಒಂದಕ್ಕಿಂತಲೂ ಕೆಳಗಿಳಿಸಿತ್ತು.

ಎಳೆಯುವುದು ಹಾನಿಕರ ಎಂದು ಇದರ ಅರ್ಥವಲ್ಲ. ಆಟ ಮುಗಿದ ಮೇಲೆ ಮೈ ಸಡಿಲಿಸಲು ಎಳೆದರೆ ಹಿತವೆನಿಸುತ್ತದೆ. ಆದರೆ ಅದನ್ನೇ ಕವಚ ಎಂದು ನಂಬಬೇಡಿ.

ಬಲದ ವ್ಯಾಯಾಮಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ದಪ್ಪ ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲಿ. ತಮ್ಮನೋ ಗೆಳೆಯನೋ ಹಿಂದೆ ಕುಳಿತು ನಿಮ್ಮ ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಸೊಂಟ ಬಾಗಿಸದೆ ಇಡೀ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುತ್ತಾ ಹೋಗಿ. ತಡೆಯಲಾಗದೆ ಹೋದಾಗ ಕೈ ಊರಿ. ಕೈಯಿಂದ ತಳ್ಳಿಕೊಂಡು ಮೇಲಕ್ಕೆ ಬನ್ನಿ. ಇದನ್ನು ನಾರ್ಡಿಕ್ ವ್ಯಾಯಾಮ ಎನ್ನುತ್ತಾರೆ. ಓಡುವಾಗ ತೊಡೆಯ ಹಿಂಭಾಗದ ಸ್ನಾಯು ಹರಿಯುವುದನ್ನು ತಡೆಯಲು ಇದು ಬಹಳ ಪರಿಣಾಮಕಾರಿ. ಡೆನ್ಮಾರ್ಕ್‌ನಲ್ಲಿ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವ್ಯಾಯಾಮ ಮಾಡಿದ ಗುಂಪಿನಲ್ಲಿ ಅಂತಹ 15 ಗಾಯಗಳಾದರೆ, ಮಾಡದ ಗುಂಪಿನಲ್ಲಿ 52 ಆಗಿದ್ದವು. ಮೊದಲ ವಾರ ಐದೇ ಸಲ ಸಾಕು. ಹೆಚ್ಚು ಮಾಡಿದರೆ ಎರಡು ದಿನ ಮೆಟ್ಟಿಲಿಳಿಯಲಾಗದಷ್ಟು ನೋವು ಬರುತ್ತದೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ.

ಹೆಣ್ಣುಮಕ್ಕಳ ಮೊಣಕಾಲು

ಒಂದೇ ಆಟವನ್ನು ಆಡುವ ಹುಡುಗ ಹುಡುಗಿಯರನ್ನು ಹೋಲಿಸಿದರೆ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಎರಡು ಮೂರು ಪಟ್ಟು ಹೆಚ್ಚು. ಅದಕ್ಕೆ ಕಾರಣಗಳು ಹಲವು. ಆದರೆ ಮುಖ್ಯವಾದದ್ದು, ನಾವೇ ಬದಲಿಸಬಹುದಾದದ್ದು, ತೊಡೆ ಮತ್ತು ಸೊಂಟದ ಸ್ನಾಯುಗಳ ಬಲ ಹಾಗೂ ಹಾರಿ ಇಳಿಯುವ ರೀತಿ. ಗಂಡುಮಕ್ಕಳು ಚಿಕ್ಕಂದಿನಿಂದ ಬೀದಿಯಲ್ಲಿ ಓಡಿ, ಹಾರಿ, ಬಿದ್ದು ಇದನ್ನು ತಾವಾಗಿ ಕಲಿಯುತ್ತಾರೆ. ಹನ್ನೊಂದು ಹನ್ನೆರಡಕ್ಕೆ ಹುಡುಗಿಯರ ಓಟ ನಿಲ್ಲಿಸಿ, ಕಾಲೇಜಿನ ಕ್ರೀಡಾಕೂಟದ ದಿನ ಮಾತ್ರ ತ್ರೋಬಾಲ್ ಆಡಲು ಕಳಿಸಿದರೆ ಅವರ ಮೊಣಕಾಲು ಅದಕ್ಕೆ ಸಿದ್ಧವಾಗಿರುವುದಿಲ್ಲ.

ಪರ್ದಾ ಇದಕ್ಕೆ ಅಡ್ಡಿಯಲ್ಲ. 2014ರಲ್ಲಿ ಫುಟ್‌ಬಾಲ್ ನಿಯಮಗಳೇ ತಲೆವಸ್ತ್ರಕ್ಕೆ ಅನುಮತಿ ನೀಡಿದವು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನೌಹೈಲಾ ಬೆಂಝೀನಾ ಹಿಜಾಬ್ ಧರಿಸಿಯೇ ಆಡಿದರು. ಮೈದಾನ ಇಲ್ಲದಿದ್ದರೂ ಚಿಂತೆಯಿಲ್ಲ. ಬಸ್ಕಿ, ಒಂಟಿಕಾಲಿನ ನಿಲುವು, ಮೈಯನ್ನು ಹಲಗೆಯಂತೆ ಹಿಡಿಯುವುದು, ಮೆಟ್ಟಿಲು ಹತ್ತಿಳಿಯುವುದು, ಕನ್ನಡಿಯ ಮುಂದೆ ನಿಂತು ಮೆಲ್ಲಗೆ ಹಾರಿ ಇಳಿಯುವುದು — ಇದಕ್ಕೆಲ್ಲ ಮುಸಲ್ಲ ಹಾಸುವಷ್ಟು ಜಾಗ ಸಾಕು. ತಾಯಿ ಮಗಳು ಒಟ್ಟಿಗೆ ವಾರಕ್ಕೆ ಮೂರು ಸಲ ಹದಿನೈದು ನಿಮಿಷ ಮಾಡಿದರೆ ಮಗಳ ಮೊಣಕಾಲಿನ ಜೊತೆಗೆ ತಾಯಿಯ ಮೊಣಕಾಲಿಗೂ ಬಲ ಬರುತ್ತದೆ.

ನಿದ್ದೆ ಎಂಬ ಔಷಧ

ಅಭ್ಯಾಸ ಮಾಡುವಾಗ ದೇಹ ಬಲಗೊಳ್ಳುವುದಿಲ್ಲ, ದಣಿಯುತ್ತದೆ. ಬಲಗೊಳ್ಳುವುದು ಆಮೇಲೆ, ವಿಶ್ರಾಂತಿಯಲ್ಲಿ. ಆ ವಿಶ್ರಾಂತಿಯಲ್ಲಿ ನಿದ್ದೆಗೆ ಸಮನಾದದ್ದು ಬೇರೊಂದಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 112 ಶಾಲಾ ಕ್ರೀಡಾಪಟುಗಳನ್ನು ವಿಚಾರಿಸಿದಾಗ, ದಿನಕ್ಕೆ ಎಂಟು ತಾಸಿಗಿಂತ ಕಡಿಮೆ ಮಲಗುವವರಿಗೆ ಗಾಯವಾದ ಸಾಧ್ಯತೆ 1.7 ಪಟ್ಟು ಹೆಚ್ಚೆಂದು ತಿಳಿದುಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ರಾತ್ರಿ ಹತ್ತು ತಾಸು ಹಾಸಿಗೆಯಲ್ಲಿರಲು ಪ್ರಯತ್ನಿಸಿದಾಗ ಅವರ ಓಟ ಚುರುಕಾಯಿತು, ಬುಟ್ಟಿಗೆ ಬೀಳುವ ಚೆಂಡುಗಳು ಶೇ. 9ರಷ್ಟು ಹೆಚ್ಚಾದವು. ಇವು ಸಣ್ಣ ಅಧ್ಯಯನಗಳು. ಆದರೆ ಅನುಭವವೂ ಇದನ್ನೇ ಹೇಳುತ್ತದೆ.

ಈಗ ನಮ್ಮ ಹುಡುಗರ ದಿನಚರಿ ನೋಡಿ. ರಾತ್ರಿ ಹನ್ನೆರಡರವರೆಗೆ ಟರ್ಫ್. ಆಮೇಲೆ ಹೊಟೇಲಿನಲ್ಲಿ ಪೊರೋಟ, ಚಿಕನ್. ಒಂದೂವರೆಗೆ ಮನೆ. ಮೈಯ ಬಿಸಿ ಇಳಿದು ನಿದ್ದೆ ಬರುವಾಗ ಎರಡೂವರೆ. ಫಜ್ರ್ ನಮಾಝ್ ಜಮಾಅತಿನೊಂದಿಗೆ ತಪ್ಪುತ್ತದೆ, ಕಾಲೇಜಿನಲ್ಲಿ ತೂಕಡಿಕೆ. ಮರುದಿನ ರಾತ್ರಿ ಮತ್ತೆ ಆಟ. ಇಶಾದ ನಂತರ ಹರಟುತ್ತಾ ಕೂರುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಅದರಲ್ಲಿ ಫಜ್ರ್‌ನ ಹಿತವೂ ಇದೆ, ದೇಹದ ಹಿತವೂ ಇದೆ. ಆಟವನ್ನು ಅಸರ್‌ನ ನಂತರಕ್ಕೋ ಫಜ್ರ್‌ನ ನಂತರಕ್ಕೋ ತರಲು ಸಾಧ್ಯವೇ ಎಂದು ಮಕ್ಕಳೊಂದಿಗೆ ಕುಳಿತು ಮಾತಾಡಿ. ಬೈಯುವ ಬದಲು ಮಾತಾಡಿ. ಟರ್ಫ್‌ಗೆ ಹೋಗುವ ಮಗ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಮಗನಿಗಿಂತ ಒಳ್ಳೆಯ ದಾರಿಯಲ್ಲೇ ಇದ್ದಾನೆ.

ಒಮ್ಮೆಲೇ ಬೇಡ

ಅಲ್ಲಾಹನಿಗೆ ಅತ್ಯಂತ ಪ್ರಿಯವಾದದ್ದು ಸ್ವಲ್ಪವೇ ಆದರೂ ಬಿಡದೆ ಮಾಡುವ ಕರ್ಮ ಎಂದು ಹದೀಸ್ ತಿಳಿಸುತ್ತದೆ. ದೇಹದ ಸ್ವಭಾವವೂ ಹಾಗೆಯೇ. ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳಿಗೆ ತಿಂಗಳುಗಳು ಬೇಕು. ವರ್ಷವಿಡೀ ಆಡದೆ, ಬೇಸಗೆ ರಜೆಯ ಟೂರ್ನಮೆಂಟ್‌ನಲ್ಲಿ ಒಂದೇ ದಿನ ನಾಲ್ಕು ಪಂದ್ಯ ಆಡಿದಾಗ ಹರಿಯುವುದು ಇವೇ.

ಗಲ್ಫ್‌ನಿಂದ ರಜೆಗೆ ಬಂದ ಮೂವತ್ತೈದು ನಲವತ್ತರ ಅಣ್ಣಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಹನ್ನೊಂದು ತಿಂಗಳು ಅಂಗಡಿಯಲ್ಲಿ ನಿಂತು, ಕಚೇರಿಯಲ್ಲಿ ಕುಳಿತು, ಊರಿಗೆ ಬಂದ ಮೊದಲ ಭಾನುವಾರವೇ ಹಳೆಯ ಗೆಳೆಯರೊಂದಿಗೆ ಪಂದ್ಯ. ಓಟಕ್ಕೆ ಹೆಜ್ಜೆ ಕಿತ್ತಾಗ ಹಿಂದಿನಿಂದ ಯಾರೋ ಹಿಮ್ಮಡಿಗೆ ಒದ್ದಂತಾಗುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ರಜ್ಜು ಹರಿದಿರುತ್ತದೆ. ರಜೆಯೆಲ್ಲ ಕಟ್ಟು ಹಾಕಿಕೊಂಡು ಮಲಗುವುದು, ಕೆಲಸಕ್ಕೆ ಮರಳುವುದು ತಡವಾಗುವುದು, ಮನೆಯ ಖರ್ಚು ನಿಲ್ಲುವುದು — ಒಂದು ಪಂದ್ಯಕ್ಕೆ ಇಷ್ಟು ಬೆಲೆ ಬೇಕೇ? ರಜೆಗೆ ಎರಡು ತಿಂಗಳು ಮೊದಲೇ ಅಲ್ಲಿಯೇ ದಿನಾ ವೇಗವಾಗಿ ನಡೆಯಲು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಲು ಶುರುಮಾಡಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಧೂಮಪಾನ ಮಾಡುವವರು ಆಟ ಆರಂಭಿಸುವ ಮೊದಲು ವೈದ್ಯರನ್ನು ಕಾಣಿ. ಆಡುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಕಣ್ಣು ಕತ್ತಲಿಟ್ಟರೆ ‘ಗ್ಯಾಸ್’ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಮಕ್ಕಳಿಗೆ ಒಂದು ಸುಲಭ ಅಳತೆ: ವಾರದಲ್ಲಿ ಕೋಚಿಂಗ್ ಮತ್ತು ಪಂದ್ಯಗಳ ಒಟ್ಟು ತಾಸು ಮಗುವಿನ ವಯಸ್ಸನ್ನು ಮೀರದಿರಲಿ. ಹತ್ತು ವರ್ಷದ ಮಗುವಿಗೆ ವಾರಕ್ಕೆ ಹತ್ತು ತಾಸು ಸಾಕು. ಉಳಿದಂತೆ ಅದು ಬೀದಿಯಲ್ಲಿ, ಅಂಗಳದಲ್ಲಿ ತನ್ನ ಮನಸ್ಸಿನಂತೆ ಆಡಲಿ.

ರಮಝಾನ್‌ನಲ್ಲಿ

ಉಪವಾಸವಿದ್ದು ಆಡಬಹುದೇ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ವೃತ್ತಿಪರ ಆಟಗಾರರು ಆಡುತ್ತಾರೆ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಲೀಸ್ಟರ್ ತಂಡದ ವೆಸ್ಲಿ ಫೊಫಾನಾ ಇಫ್ತಾರ್ ಮಾಡಲೆಂದು ಎರಡೂ ತಂಡಗಳು ಒಪ್ಪಿ ಪಂದ್ಯದ ನಡುವೆ ಆಟ ನಿಲ್ಲಿಸಿದ್ದವು. ಆದರೆ ಅವರ ಹಿಂದೆ ವೈದ್ಯರು, ಆಹಾರತಜ್ಞರು ಇರುತ್ತಾರೆ. ನಮ್ಮ ಹಿಂದೆ ಇರುವುದು ನಮ್ಮ ವಿವೇಕ ಮಾತ್ರ.

ಟುನೀಶಿಯಾದ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಎರಡು ಋತು ಗಮನಿಸಿದಾಗ ಉಪವಾಸವಿದ್ದವರಲ್ಲಿ ಅತಿಬಳಕೆಯಿಂದಾಗುವ ಗಾಯಗಳು ರಮಝಾನ್‌ನಲ್ಲಿ ಹೆಚ್ಚಾಗಿದ್ದವು. ಖತರ್‌ನ ಲೀಗ್‌ನಲ್ಲಿ ನಡೆದ ಅಧ್ಯಯನದಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಹೇಳಬಹುದು: ಉಪವಾಸವೇ ಗಾಯಕ್ಕೆ ಕಾರಣವೆನ್ನಲಾಗದು. ನಿದ್ದೆ ಕಡಿಮೆಯಾಗಿ, ನೀರು ಕಡಿಮೆಯಾಗಿ, ಆಟ ಮಾತ್ರ ಮೊದಲಿನಷ್ಟೇ ಉಳಿದರೆ ದೇಹ ಸೋಲುತ್ತದೆ.

ಆದ್ದರಿಂದ ಆ ತಿಂಗಳು ಆಟದ ಹೊರೆ ಇಳಿಸಿ. ಇಫ್ತಾರ್‌ಗೆ ಮೊದಲಿನ ಅರ್ಧ ಮುಕ್ಕಾಲು ಗಂಟೆಯಲ್ಲಿ ನಡಿಗೆ, ಹಗುರ ವ್ಯಾಯಾಮ ಮಾಡಬಹುದು; ಮುಗಿಯುತ್ತಲೇ ನೀರು ಸಿಗುತ್ತದೆ. ಬಿರುಸಿನ ಆಟವಿದ್ದರೆ ಇಫ್ತಾರ್ ಆಗಿ ಎರಡು ತಾಸು ಕಳೆದ ಮೇಲೆ. ಸುಡುಬಿಸಿಲಿನಲ್ಲಿ ಉಪವಾಸವಿದ್ದು ಕ್ರಿಕೆಟ್ ಟೂರ್ನಮೆಂಟ್ ಬೇಡವೇ ಬೇಡ. ಇಫ್ತಾರ್‌ನಿಂದ ಸಹ್ರಿಯವರೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಯಿರಿ. ಸಹ್ರಿಯಲ್ಲಿ ಒಂದೇ ಸಲ ಹೊಟ್ಟೆ ತುಂಬ ಕುಡಿದ ನೀರು ಬಹುಪಾಲು ಮೂತ್ರವಾಗಿ ಹೋಗುತ್ತದೆ. ಸಹ್ರಿ ಬಿಡಬೇಡಿ. ಮೊಟ್ಟೆ, ಮೀನು, ಬೇಳೆ, ಮೊಸರು ಯಾವುದಾದರೂ ಇರಲಿ. ಸವೆದ ಸ್ನಾಯು ದುರಸ್ತಿಯಾಗುವುದು ಇವುಗಳಿಂದ. ಸಾವಿರಾರು ರೂಪಾಯಿಯ ಪುಡಿ ಡಬ್ಬ ಬೇಕಾಗಿಲ್ಲ. ಮಧ್ಯಾಹ್ನದ ಸಣ್ಣ ನಿದ್ದೆ, ಅಂದರೆ ಖೈಲೂಲ, ನಮ್ಮ ಹಳೆಯ ಸುನ್ನತ್. ರಮಝಾನ್‌ನಲ್ಲಿ ಮಧ್ಯಾಹ್ನ ಮಲಗಿದ ಆಟಗಾರರ ಓಟ ಮಲಗದಿದ್ದಾಗಿಗಿಂತ ಉತ್ತಮವಾಗಿತ್ತೆಂದು ಟುನೀಶಿಯಾದ ಸಂಶೋಧಕರೂ ಕಂಡುಕೊಂಡಿದ್ದಾರೆ.

ಗಾಯವಾದರೆ ಮೊದಲ ಎರಡು ದಿನ

ಎಷ್ಟೇ ಎಚ್ಚರ ವಹಿಸಿದರೂ ಗಾಯವಾಗಬಹುದು. ಆಗ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದನ್ನು ಮೊದಲು ತಿಳಿಯಿರಿ. ಬಿಸಿ ಎಣ್ಣೆ ತಿಕ್ಕಬೇಡಿ. ಶಾಖ ಕೊಡಬೇಡಿ. ಯಾರ ಕೈಯಿಂದಲೂ ಎಳೆಸಬೇಡಿ, ತಿರುಗಿಸಬೇಡಿ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ. ಎಲುಬು ಮುರಿದಿದ್ದರೆ ಎಳೆದಾಗ ನರ, ರಕ್ತನಾಳಗಳಿಗೂ ಪೆಟ್ಟಾಗಬಹುದು. ಬಿಗಿಯಾಗಿ ಬಿದಿರ ಪಟ್ಟಿ ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ, ಮರಗಟ್ಟಿದರೆ, ನೀಲಿಯಾದರೆ ಕೂಡಲೇ ಬಿಚ್ಚಿ ಆಸ್ಪತ್ರೆಗೆ ಧಾವಿಸಿ. ತಡಮಾಡಿ ಕಾಲು ಕಳೆದುಕೊಳ್ಳುವ ಅಪಾಯವಿದೆ.

ಮಾಡಬೇಕಾದದ್ದು: ಆಟ ನಿಲ್ಲಿಸಿ. ಎಲಾಸ್ಟಿಕ್ ಬ್ಯಾಂಡೇಜನ್ನು ಹದವಾಗಿ ಸುತ್ತಿ. ಮಲಗಿ ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಐಸ್ ಇಡುವುದನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಅದನ್ನು ಗಂಟೆಗಟ್ಟಲೆ ಇಟ್ಟರೆ ಗುಣವಾಗುವುದು ತಡವಾಗಬಹುದೆಂದು ಆಮೇಲೆ ತಮ್ಮ ಮಾತನ್ನು ತಿದ್ದಿಕೊಂಡರು. ಹಾಗೆಯೇ ವಾರಗಟ್ಟಲೆ ಅಲುಗಾಡದೆ ಮಲಗುವುದೂ ತಪ್ಪು. ಎರಡು ಮೂರು ದಿನಗಳ ನಂತರ, ಎಲುಬಿಗೆ ಪೆಟ್ಟಿಲ್ಲವೆಂದು ಖಾತ್ರಿಯಾಗಿದ್ದರೆ, ನೋವಿನ ಮಿತಿಯೊಳಗೆ ಮೆಲ್ಲಗೆ ಅಲುಗಾಡಿಸಲು, ಭಾರ ಹಾಕಲು ಶುರುಮಾಡಬೇಕು. ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಗೆ, ಅದರಲ್ಲೂ ಉಪವಾಸದ ದಿನಗಳಲ್ಲಿ, ವೈದ್ಯರನ್ನು ಕೇಳದೆ ನುಂಗಬೇಡಿ.

ಕಾಲು ಉಳುಕಿದಾಗ ಎಕ್ಸ್‌ರೇ ಬೇಕೇ? ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ನಿಯಮ ಕೊಟ್ಟರು. ಗಾಯವಾದ ಕೂಡಲೇ, ಆಮೇಲೆ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹೊರ, ಒಳ ಗುಬುಟು ಎಲುಬಿನ ಹಿಂಬದಿಯನ್ನೋ ಪಾದದ ನಡುವಿನ ಎಲುಬನ್ನೋ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಮೊಣಕಾಲಿನ ವಿಷಯದಲ್ಲಿ, ‘ಟಪ್’ ಎಂದು ಕೆಲವೇ ತಾಸುಗಳಲ್ಲಿ ಊದಿಕೊಂಡರೆ, ಅಥವಾ ನಡೆಯುವಾಗ ಮೊಣಕಾಲು ಕೈಕೊಟ್ಟಂತಾದರೆ, ಮೂಳೆತಜ್ಞರನ್ನು ಕಾಣಲೇಬೇಕು. ಊತ ಇಳಿಯಿತೆಂದು ಮತ್ತೆ ಆಡಲು ಹೋದರೆ ಪ್ರತಿ ಸಲ ಕುಸಿದಾಗಲೂ ಒಳಗಿನ ಮೆದುಳೆಲುಬು ಹರಿಯುತ್ತಾ ಹೋಗುತ್ತದೆ.

ಶಸ್ತ್ರಚಿಕಿತ್ಸೆ ಎಂದ ಕೂಡಲೇ

ಎಸಿಎಲ್ ಹರಿದಿದೆ ಎಂದು ಎಂಆರ್‌ಐ ವರದಿ ಬಂದ ದಿನ ಮನೆಯಲ್ಲಿ ದೊಡ್ಡ ಚಿಂತೆ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಎಲ್ಲಿಂದ? ಬಂಗಾರ ಅಡವಿಡಬೇಕೇ, ಸಂಬಂಧಿಕರಲ್ಲಿ ಕೇಳಬೇಕೇ? ಈ ಅವಸರದಲ್ಲಿ ಒಂದು ವಿಷಯ ತಿಳಿದಿರಲಿ. ಸ್ವೀಡನ್‌ನಲ್ಲಿ ಎಸಿಎಲ್ ಹರಿದ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ ಕೊಡಲಾಯಿತು. ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಮೊಣಕಾಲು ನಿಲ್ಲದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷದ ನಂತರ ಎರಡೂ ಗುಂಪಿನವರ ಮೊಣಕಾಲಿನ ಸ್ಥಿತಿ ಸಮಾನವಾಗಿತ್ತು. ಎರಡನೇ ಗುಂಪಿನ 59 ಮಂದಿಯಲ್ಲಿ ಆ ಅವಧಿಯೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು 23 ಮಂದಿ ಮಾತ್ರ. 2010ರಲ್ಲಿ ಇದು ಪ್ರಕಟವಾಯಿತು.

ಶಸ್ತ್ರಚಿಕಿತ್ಸೆ ಯಾರಿಗೂ ಬೇಡ ಎಂದು ಇದರ ಅರ್ಥವಲ್ಲ. ಮೊಣಕಾಲು ಬೀಗ ಹಾಕಿದಂತೆ ಸಿಕ್ಕಿಕೊಂಡರೆ, ಬೇರೆ ಭಾಗಗಳಿಗೂ ಪೆಟ್ಟಾಗಿದ್ದರೆ, ತಿರುಗುವ ಆಟವನ್ನೇ ಮುಂದುವರಿಸಬೇಕಾಗಿದ್ದರೆ ಅದು ಬೇಕಾಗಬಹುದು. ಆದರೆ ಬಹಳಷ್ಟು ಮಂದಿಗೆ ಫಿಸಿಯೋಥೆರಪಿ ಮಾಡಿ ನೋಡಲು ಎರಡು ಮೂರು ತಿಂಗಳ ಕಾಲಾವಕಾಶ ಇರುತ್ತದೆ. ‘ಮೊದಲು ವ್ಯಾಯಾಮ ಮಾಡಿ ನೋಡಬಹುದೇ?’ ಎಂದು ನಿಮ್ಮ ವೈದ್ಯರಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಫಿಸಿಯೋಥೆರಪಿಯನ್ನು ಅರ್ಧಕ್ಕೆ ಬಿಡಬಾರದು. ನಮ್ಮಲ್ಲಿ ಹಣವೆಲ್ಲ ಆಪರೇಷನ್‌ಗೆ ಹೋಗಿ, ವ್ಯಾಯಾಮ ಎರಡನೇ ತಿಂಗಳಿಗೆ ನಿಲ್ಲುತ್ತದೆ. ಒಂಬತ್ತು ತಿಂಗಳಿಗೆ ಮೊದಲು ಮೈದಾನಕ್ಕೆ ಮರಳಬೇಡಿ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಒಟ್ಟಿಗೆ ನಡೆಸಿದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ತಡಮಾಡಿದಂತೆ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಿತ್ತು.

ಅಲ್ಲಿಯವರೆಗೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಸಂಕೋಚ ಬೇಡ. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಿರ್ವಹಿಸಲು ಪ್ರವಾದಿವರ್ಯರೇ(ಸ) ಅನುಮತಿ ನೀಡಿದ್ದಾರೆ. ‘ಜನ ಏನೆಂದುಕೊಳ್ಳುತ್ತಾರೋ’ ಎಂದು ಹಟದಿಂದ ಮಂಡಿ ಮಡಚಿ ಕುಳಿತು ಗುಣವಾಗುತ್ತಿರುವ ಲಿಗಮೆಂಟನ್ನು ಹಾಳು ಮಾಡಿಕೊಳ್ಳಬೇಡಿ.

ಮನೆಯವರೆಲ್ಲ ನೆನಪಿಡಬೇಕಾದದ್ದು

• ಆಟಕ್ಕೆ ಮೊದಲು ಇಪ್ಪತ್ತು ನಿಮಿಷ: ನಿಧಾನ ಓಟ, ಬಲ ಮತ್ತು ಸಮತೋಲನ, ವೇಗದ ಓಟ. ಇದನ್ನು ಕನಿಷ್ಠ ವಾರಕ್ಕೆ ಎರಡು ಸಲ ಪೂರ್ತಿಯಾಗಿ ಮಾಡಿ.

• ಹಾರಿ ಇಳಿಯುವಾಗ ಮೊಣಕಾಲು ಕಾಲ್ಬೆರಳಿನ ನೇರಕ್ಕಿರಲಿ.

• ಬೆಳೆಯುವ ಮಕ್ಕಳಿಗೆ ಎಂಟು ತಾಸಿಗೆ ಕಡಿಮೆಯಿಲ್ಲದ ನಿದ್ದೆ.

• ಆಟದ ಹೊರೆಯನ್ನು ವಾರ ವಾರಕ್ಕೆ ಸ್ವಲ್ಪವೇ ಏರಿಸಿ. ದೀರ್ಘ ಬಿಡುವಿನ ನಂತರ ಅರ್ಧದಿಂದ ಆರಂಭಿಸಿ.

• ಗಾಯವಾದರೆ ಎಣ್ಣೆ, ಶಾಖ, ಎಳೆತ ಬೇಡ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಆಸ್ಪತ್ರೆಗೆ.

ಟರ್ಫ್‌ಗೆ ಒಂದು ಗಂಟೆಯ ಬಾಡಿಗೆ ಕೊಟ್ಟಿದ್ದರೆ ಇಪ್ಪತ್ತು ನಿಮಿಷ ಮೊದಲೇ ಹೋಗಿ, ಹೊರಗಿನ ಜಾಗದಲ್ಲೇ ಮೈ ಸಿದ್ಧಪಡಿಸಿಕೊಳ್ಳಬಹುದು. ಬಾಡಿಗೆಯ ಒಂದು ನಿಮಿಷವೂ ಹಾಳಾಗುವುದಿಲ್ಲ. ಮದ್ರಸ, ಮಸೀದಿ ಸಮಿತಿ, ಊರಿನ ಯುವಕ ಸಂಘಗಳು ಟೂರ್ನಮೆಂಟ್ ನಡೆಸುವಾಗ ಟ್ರೋಫಿಯ ಎತ್ತರಕ್ಕೆ ಕೊಡುವ ಗಮನದ ಒಂದು ಪಾಲನ್ನು ಇದಕ್ಕೆ ಕೊಟ್ಟು, ವಾರ್ಮ್‌ಅಪ್ ಮಾಡದ ತಂಡಕ್ಕೆ ಪಂದ್ಯವಿಲ್ಲ ಎಂಬ ನಿಯಮ ತಂದರೆ ಎಷ್ಟೋ ಮನೆಗಳ ಬಂಗಾರ ಉಳಿದೀತು, ಎಷ್ಟೋ ಮಕ್ಕಳ ಮೊಣಕಾಲು ಉಳಿದೀತು.

ಆರೋಗ್ಯ ನಮ್ಮ ಕೈಗೆ ಕೊಡಲಾದ ಅಮಾನತ್ತು. ಅದರ ಬಗ್ಗೆಯೂ ನಾವು ಉತ್ತರಿಸಬೇಕಾಗಿದೆ. ಅಲ್ಲಾಹನು ನಮ್ಮ ಮಕ್ಕಳಿಗೆ ಗಟ್ಟಿಯಾದ ದೇಹವನ್ನೂ ಅದನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ.